ಹದಿಮೂರು ವರ್ಷದ ಇನ್ನೋವಾ ಕೊಳ್ಳುವ ಮುನ್ನ ಏನೇನು ನೋಡಬೇಕು?

ಹೊಸನಗರದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಏಳು ಜನರಿದ್ದೇವೆ. ಅಮ್ಮನಿಗೆ ಮಂಡಿನೋವು, ಅಪ್ಪನನ್ನು ಎರಡು ತಿಂಗಳಿಗೊಮ್ಮೆ ಹುಲಿಕಲ್ ಘಾಟಿ ಇಳಿಸಿ ಮಣಿಪಾಲದ ಆಸ್ಪತ್ರೆಗೆ ಕರೆದೊಯ್ಯಬೇಕು. ಈಗಿರುವ ಸಣ್ಣ ಕಾರಿನಿಂದ ಇಬ್ಬರನ್ನೂ ಕೈ ಹಿಡಿದು ಎಬ್ಬಿಸಬೇಕಾಗಿದೆ. ಹೊಸ ಏಳು ಸೀಟಿನ ವಾಹನ ನನ್ನ ಸಂಬಳಕ್ಕೆ ಎಟುಕುವುದಿಲ್ಲ. ಶಿವಮೊಗ್ಗದ ವ್ಯಾಪಾರಿಯೊಬ್ಬರ ಬಳಿ 2012ರ ಇನ್ನೋವಾ 2.5 ಡೀಸೆಲ್ ಇದೆ: ಬಿಳಿ ಬೋರ್ಡ್, ಎರಡನೇ ಮಾಲೀಕರು, ಮೀಟರ್‌ನಲ್ಲಿ 1,46,000 ಕಿ.ಮೀ., ಕೇಳುತ್ತಿರುವ ಬೆಲೆ 6.4 ಲಕ್ಷ. ಬಣ್ಣ ಚೆನ್ನಾಗಿ ಹೊಳೆಯುತ್ತಿದೆ, ಸೀಟಿಗೆ ಹೊಸ ಕವರ್ ಹಾಕಿದ್ದಾರೆ. ನನಗೆ ತಿಳಿದಿರುವುದು ಆಯಿಲ್ ಕಡ್ಡಿ ತೆಗೆದು ಮಟ್ಟ ನೋಡುವುದು ಮಾತ್ರ. ಇಷ್ಟು ಹಳೆಯ ವಾಹನವನ್ನು ನಂಬಬಹುದೇ ಇಲ್ಲವೇ ಎಂಬುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು? ತಿಳಿದವರು ದಯವಿಟ್ಟು ಹೇಳಿ.

ರಾಣೇಬೆನ್ನೂರು ರೈತ:
ಇನ್ನೋವಾ ತಾನೇ, ಕಣ್ಣು ಮುಚ್ಚಿ ತೆಗೆದುಕೊಳ್ಳಿ. ನಮ್ಮ ಊರಿನಲ್ಲಿ ನಾಲ್ಕು ಲಕ್ಷ ಕಿ.ಮೀ. ದಾಟಿ ಇಂದಿಗೂ ಮದುವೆ ದಿಬ್ಬಣಕ್ಕೆ ಓಡುತ್ತಿರುವ ಇನ್ನೋವಾಗಳಿವೆ. ಆ ಇಂಜಿನ್‌ಗೆ ಸಾವಿಲ್ಲ.

ಹುಬ್ಬಳ್ಳಿ ಡೀಸೆಲ್:
ಇಪ್ಪತ್ತೆರಡು ವರ್ಷದಿಂದ ಡೀಸೆಲ್ ಇಂಜಿನ್ ಕೆಲಸವನ್ನೇ ಮಾಡುತ್ತಿದ್ದೇನೆ. ರಾಣೇಬೆನ್ನೂರಿನವರ ಮಾತನ್ನು ನಾನು ಒಪ್ಪುವುದಿಲ್ಲ. ನಾಲ್ಕು ಲಕ್ಷ ಓಡಿದ ಇನ್ನೋವಾಗಳು ಇವೆ ನಿಜ. ಆದರೆ ಅವು ಓಡಿದ್ದು ಹೆಸರಿನ ಬಲದಿಂದಲ್ಲ, ಮಾಲೀಕರು ಹೊತ್ತಿಗೆ ಸರಿಯಾಗಿ ಆಯಿಲ್, ಫಿಲ್ಟರ್, ಬೆಲ್ಟ್ ಬದಲಾಯಿಸಿದ್ದರಿಂದ. ಅದೇ ಕಾರ್ಖಾನೆಯಿಂದ ಅದೇ ತಿಂಗಳಲ್ಲಿ ಹೊರಬಂದ ಎರಡು ಗಾಡಿಗಳಲ್ಲಿ ಒಂದು ಇಂದಿಗೂ ರಸ್ತೆಯಲ್ಲಿರುತ್ತದೆ, ಇನ್ನೊಂದು ಗುಜರಿಗೆ ಹೋಗಿರುತ್ತದೆ.

ಮೇಷ್ಟ್ರೇ, ಮೊದಲು ಬೆಳಗಿನ ಹೊತ್ತು ಹೋಗಿ, ಮತ್ತು ನೀವು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬಾರದೆಂದು ಹಿಂದಿನ ದಿನವೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಆ ದಿನದ ಪರೀಕ್ಷೆ ಅಲ್ಲಿಗೇ ಮುಗಿಯಿತು, ಇನ್ನೊಂದು ದಿನ ಹೋಗಿ. ತಣ್ಣಗಿದ್ದರೆ ಕೀ ತಿರುಗಿಸಿ, ಇಂಜಿನ್ ಹಿಡಿದ ಮೇಲೆ ಆಯಿಲ್ ದೀಪ ಎಷ್ಟು ಬೇಗ ಆರುತ್ತದೆ ಎಂದು ಗಮನಿಸಿ. ಒಂದೆರಡು ಸೆಕೆಂಡಿನಲ್ಲಿ ಆರಬೇಕು. ಎಳೆದಾಡಿ ಆರಿದರೆ ಅನುಮಾನ ಪಡಬೇಕು. ಅದು ಏಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಇಂಜಿನ್‌ನ ಆಯಸ್ಸು ನಿಂತಿರುವುದೇ ಇಲ್ಲಿ.

2494 ಸಿಸಿಯ ಈ ಡಿ-4ಡಿ ಇಂಜಿನ್‌ನಲ್ಲಿ ನಾಲ್ಕು ಇಂಜೆಕ್ಟರ್‌ಗಳಿದ್ದು, ಪ್ರತಿಯೊಂದೂ ಕೂರುವ ಜಾಗದಲ್ಲಿ ಹಳೆಯ ಎಂಟಾಣೆ ನಾಣ್ಯಕ್ಕಿಂತಲೂ ಚಿಕ್ಕದಾದ ಒಂದು ತಾಮ್ರದ ವಾಷರ್ ಇರುತ್ತದೆ. ವರ್ಷಗಳು ಕಳೆದಂತೆ ಆ ವಾಷರ್ ಹಿಡಿತ ಬಿಟ್ಟರೆ ಸಿಲಿಂಡರ್‌ನೊಳಗಿನ ಬಿಸಿ ಹೊಗೆ ಮೇಲಿನ ಕವರ್‌ನೊಳಕ್ಕೆ ನುಗ್ಗಿ, ಅಲ್ಲಿರುವ ಆಯಿಲನ್ನು ಸುಟ್ಟು ಡಾಂಬರಿನಂತೆ ಮಾಡುತ್ತದೆ. ಆ ಕರಿಯ ಹೆಪ್ಪು ಕೆಳಗಿಳಿದು, ಇಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ಸಂಪ್‌ನ ತಳದಲ್ಲಿ ಆಯಿಲ್ ಹೀರುವ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಜಾಲರಿ ಕಟ್ಟಿದರೆ ಬೇರಿಂಗ್‌ಗೂ ಟರ್ಬೋಗೂ ಆಯಿಲ್ ತಲುಪುವುದಿಲ್ಲ. ಕಡ್ಡಿಯಲ್ಲಿ ಮಟ್ಟ ಸರಿಯಾಗಿಯೇ ಕಾಣುತ್ತಿರುತ್ತದೆ, ಒಳಗೆ ಇಂಜಿನ್ ಒಣಗುತ್ತಿರುತ್ತದೆ. ಕೆಲವೇ ಸಾವಿರ ರೂಪಾಯಿಯ ಕೆಲಸವನ್ನು ಮುಂದೂಡಿ ಇಡೀ ಇಂಜಿನ್ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆಯಿರಿ. ಸಣ್ಣ ಆವಿ ಬಂದರೆ ಸಹಜ. ಗುಕ್ ಗುಕ್ ಎಂದು ಒತ್ತಡದಿಂದ ಹೊಗೆ ಬಂದರೆ, ಅಥವಾ ಮುಚ್ಚಳದ ಒಳಬದಿಯಲ್ಲಿ ಗಟ್ಟಿ ಮಸಿ ಕೂತಿದ್ದರೆ, ವಾಷರ್ ಹೋಗಿರಬೇಕು ಇಲ್ಲವೇ ಪಿಸ್ಟನ್ ರಿಂಗ್ ಸವೆದಿರಬೇಕು.

ಎರಡನೆಯದು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವ್‌ಗಳನ್ನು ಪಿಸ್ಟನ್‌ಗಳ ಓಟಕ್ಕೆ ಹೊಂದಿಸಿ ತೆರೆದು ಮುಚ್ಚಿಸುವ ಬೆಲ್ಟ್. ಇದರಲ್ಲಿ ಚೈನ್ ಇಲ್ಲ, ರಬ್ಬರ್ ಬೆಲ್ಟ್ ಇದೆ. ಲಕ್ಷ ಕಿ.ಮೀ. ಆಸುಪಾಸಿನಲ್ಲಿ ಬದಲಾಯಿಸುವುದು ನಮ್ಮಲ್ಲಿ ರೂಢಿ. ಅದು ಓಡುವಾಗ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಹೆಡ್ ಹಾಳಾಗುತ್ತದೆ. ‘ಬದಲಾಯಿಸಿದ್ದೇವೆ’ ಎಂಬ ಮಾತು ಸಾಲದು, ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ಲೆಕ್ಕ ಹಾಕಿ.

ಮಂಡ್ಯದ ಓದುಗ:
ಪೆಟ್ರೋಲ್ ಇನ್ನೋವಾದಲ್ಲೂ ಬೆಲ್ಟ್ ಇದೆಯೇ?

ಹುಬ್ಬಳ್ಳಿ ಡೀಸೆಲ್:
ಇಲ್ಲ, ಎರಡು ಲೀಟರ್ ಪೆಟ್ರೋಲ್ ಇಂಜಿನ್‌ನಲ್ಲಿ ಚೈನ್ ಇದೆ. 2016ರಲ್ಲಿ ಬಂದ ಹೊಸ ತಲೆಮಾರಿನ ಇನ್ನೋವಾ ಕ್ರಿಸ್ಟಾದ ಡೀಸೆಲ್‌ನಲ್ಲೂ ಚೈನ್ ಇದೆ. ನಾನು ಹೇಳಿದ್ದು 2005ರಿಂದ 2016ರವರೆಗಿನ ಡೀಸೆಲ್ ಗಾಡಿಗಳ ಬಗ್ಗೆ.

ಕುಂದಾಪುರ ಕಡಲತೀರ:
ಇಂಜಿನ್ ಬಗ್ಗೆ ಇಷ್ಟು ಮಾತಾಡುವವರು ಕೆಳಗೆ ಬಗ್ಗಿ ನೋಡುವುದನ್ನು ಏಕೆ ಮರೆಯುತ್ತಾರೋ ತಿಳಿಯದು. ಇಂಜಿನ್ ಕೆಟ್ಟರೆ ಇನ್ನೊಂದು ಕೂರಿಸಬಹುದು, ಚಾಸಿ ತುಕ್ಕು ತಿಂದರೆ ಗಾಡಿಯೇ ಇಲ್ಲ. ಇನ್ನೋವಾ ಏಣಿಯಂಥ ಚಾಸಿಯ ಮೇಲೆ ಬಾಡಿ ಕೂರಿಸಿದ ವಾಹನ. ನಮ್ಮ ಕಡೆಯ ಉಪ್ಪುಗಾಳಿಯಲ್ಲಿ ಹತ್ತು ಮಳೆಗಾಲ ಕಂಡ ಗಾಡಿಯ ಬಾಗಿಲಿನ ಕೆಳಅಂಚು, ಫುಟ್‌ಬೋರ್ಡ್ ಹಿಡಿದಿರುವ ಕ್ಲಾಂಪ್‌ಗಳು, ಹಿಂದೆ ಸ್ಟೆಪ್ನಿ ನೇತುಹಾಕುವ ಜಾಗ, ಹಿಂಬದಿ ಲಿಂಕ್ ರಾಡ್‌ಗಳು ಚಾಸಿಗೆ ಸೇರುವ ಬ್ರ್ಯಾಕೆಟ್‌ಗಳು, ಇವಿಷ್ಟನ್ನು ಟಾರ್ಚ್ ಹಾಕಿ ನೋಡಲೇಬೇಕು. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ತುಕ್ಕು ಒಳಹೊಕ್ಕ ಜಾಗ ಮಂದವಾಗಿ ಸದ್ದು ಮಾಡಿ ಹುಡಿ ಉದುರಿಸುತ್ತದೆ. ಹದಿಮೂರು ವರ್ಷದ ಗಾಡಿಯ ಕೆಳಗೆ ಹೊಸದಾಗಿ ಕರಿ ಬಣ್ಣ ಬಳಿದಿದ್ದರೆ ಮೆಚ್ಚಬೇಡಿ, ಅದರಡಿ ಏನಿದೆ ಎಂದು ಕೇಳಿ.

ನ್ಯೂಜೆರ್ಸಿ ಕನ್ನಡಿಗ:
ಕುಂದಾಪುರದವರ ಮಾತಿಗೆ ಒಂದು ಸೇರಿಸುತ್ತೇನೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದರಿಂದ ನಮಗೂ ಅದೇ ಕಾಟ. 2010ರಲ್ಲಿ ಟೊಯೊಟಾ ಕಂಪನಿಯು ಇಲ್ಲಿನ ಚಳಿ ರಾಜ್ಯಗಳ ಸುಮಾರು 6 ಲಕ್ಷ ಸಿಯೆನ್ನಾ ಮಿನಿವ್ಯಾನ್‌ಗಳನ್ನು ಹಿಂದಕ್ಕೆ ಕರೆಸಿದ್ದು ಇದೇ ಕಾರಣಕ್ಕೆ. ಅಡಿಯಲ್ಲಿ ಸ್ಟೆಪ್ನಿ ಹಿಡಿದಿಟ್ಟ ಕೇಬಲ್ ತುಕ್ಕು ಹಿಡಿದು ಟೈರ್ ರಸ್ತೆಗೆ ಬೀಳಬಹುದೆಂಬ ಭಯವಿತ್ತು. ಹೆಸರನ್ನು ನಂಬಿ ಕೊಳ್ಳಬಾರದು ಎಂಬುದಕ್ಕೂ ಇಲ್ಲಿ ನಿದರ್ಶನವಿದೆ: 2004ರಲ್ಲಿ ಹೋಂಡಾ ತನ್ನ ಒಡಿಸ್ಸಿ ವ್ಯಾನ್‌ಗಳೂ ಸೇರಿದಂತೆ ಸುಮಾರು 11 ಲಕ್ಷ ವಾಹನಗಳನ್ನು ಗೇರ್‌ಬಾಕ್ಸ್ ಪರೀಕ್ಷೆಗಾಗಿ ಕರೆಸಿಕೊಂಡಿತ್ತು. ಒಂದೇ ಮಾಡೆಲ್‌ನಲ್ಲಿಯೂ ಕೆಲವು ವರ್ಷಗಳ ಗಾಡಿಗಳು ಗಟ್ಟಿ, ಕೆಲವು ದುರ್ಬಲ. ನಾನು ಇಲ್ಲಿ ಹಳೆಯ ವ್ಯಾನ್ ಕೊಂಡಾಗ, ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ದುಡ್ಡು ಕೊಟ್ಟು ಲಿಫ್ಟ್ ಮೇಲೆ ಎತ್ತಿಸಿ ತೋರಿಸಿದೆ. ಊರಿನಲ್ಲೂ ಈ ಪದ್ಧತಿ ಬೆಳೆಯಬೇಕು. ಲಕ್ಷಾಂತರ ರೂಪಾಯಿ ಕೊಡುವಾಗ ಸಾವಿರ ರೂಪಾಯಿಯ ಪರೀಕ್ಷೆಗೆ ಹಿಂಜರಿಯುವುದೇಕೆ?

ಧಾರವಾಡದ ಅಕ್ಕ:
ಮೇಷ್ಟ್ರೇ, ನಮಗಾದದ್ದನ್ನು ಹೇಳುತ್ತೇನೆ, ನಿಮಗೆ ಆಗದಿರಲಿ. ಐದು ವರ್ಷದ ಹಿಂದೆ ಏಳು ಸೀಟಿನ ಹಳೆಯ ಗಾಡಿಯೊಂದನ್ನು ಮಧ್ಯವರ್ತಿಯೊಬ್ಬರಿಂದ ಕೊಂಡೆವು. ಮೀಟರ್‌ನಲ್ಲಿ 92,000 ಇತ್ತು. ಮನೆಗೆ ತಂದು ಎರಡನೇ ವಾರ ನಾನು ಒಳಗೆಲ್ಲ ಗುಡಿಸುತ್ತಿದ್ದಾಗ ಡ್ರೈವರ್ ಸೀಟಿನ ಹಳಿಯ ಸಂದಿಯಲ್ಲಿ ಮಡಚಿದ ಚೀಟಿಯೊಂದು ಸಿಕ್ಕಿತು. ಎಣ್ಣೆಯ ಕಲೆಯಾಗಿದ್ದ ಆಯಿಲ್ ಬದಲಾವಣೆಯ ಚೀಟಿ ಅದು. ನಾವು ಕೊಳ್ಳುವುದಕ್ಕೆ ಮೂರು ವರ್ಷ ಮೊದಲಿನ ತಾರೀಖು, ಮುಂದೆ ಬಾಲ್‌ಪೆನ್ನಿನಲ್ಲಿ ಬರೆದ ಅಂಕಿ 2,11,400. ಅದನ್ನು ಕೈಯಲ್ಲಿ ಹಿಡಿದು ಗಾಡಿಯೊಳಗೇ ಬಹಳ ಹೊತ್ತು ಕುಳಿತಿದ್ದೆ. ಆ ದುಡ್ಡಿಗಾಗಿ ನಾನು ಬಳೆ ಅಡವಿಟ್ಟಿದ್ದೆ. ಮಧ್ಯವರ್ತಿ ಆಮೇಲೆ ಫೋನ್ ಎತ್ತಲಿಲ್ಲ.

ಆದ್ದರಿಂದ ಮೀಟರ್ ನೋಡಬೇಡಿ, ಮೈ ನೋಡಿ. ಕ್ಲಚ್ ಮತ್ತು ಬ್ರೇಕ್ ಪೆಡಲ್‌ಗಳ ರಬ್ಬರ್ ಗೆರೆಗಳು ಉಳಿದಿವೆಯೇ, ಸ್ಟೀರಿಂಗ್‌ನ ಮೇಲ್ಭಾಗ ಸವೆದು ನುಣುಪಾಗಿದೆಯೇ, ಹೊಸ ಕವರ್ ಎತ್ತಿದರೆ ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯೇ ಎಂದು ಗಮನಿಸಿ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ನೋಂದಣಿ ಸಂಖ್ಯೆ ಹೇಳಿ, ಹಳೆಯ ದಾಖಲೆ ಇದ್ದರೆ ತೋರಿಸುವಂತೆ ಮಾರುವವರ ಮೂಲಕವೇ ಕೇಳಿಸಿ.

ಬೆಂಗಳೂರು ದಕ್ಷಿಣ:
ಕಾಗದಪತ್ರದ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ವಾಹನದ ವಿವರ ತೆಗೆದು ಮಾಲೀಕರ ಕ್ರಮಸಂಖ್ಯೆ, ಸಾಲದ ಹೊರೆ, ವಾಹನದ ವರ್ಗ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಕೊಟ್ಟು ತೆಗೆಸಿದ ಮೇಲಷ್ಟೇ ದುಡ್ಡು ಕೊಡಿ. ಹೊರರಾಜ್ಯದಿಂದ ಬಂದಿದೆಯೇ ಎಂಬುದೂ ಮುಖ್ಯ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿ ಸುತ್ತಮುತ್ತ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿ, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿನ ಗಾಡಿಗಳು ದಕ್ಷಿಣಕ್ಕೂ ಬಂದಿವೆ. ಅಂಥ ಗಾಡಿ ಕೆಟ್ಟದ್ದೆಂದೇನೂ ಅಲ್ಲ. ಆದರೆ ಅದರ ಹಿಂದಿನ ಜೀವನವನ್ನು ಇಲ್ಲಿ ಕುಳಿತು ಪರಿಶೀಲಿಸುವುದು ಕಷ್ಟ.

ಹಾಲಿ ವಿಮಾ ಪಾಲಿಸಿಯನ್ನು ಓದಿ. ಅದರಲ್ಲಿ ಎನ್‌ಸಿಬಿ (ಪರಿಹಾರ ಕೇಳದ ಮಾಲೀಕರಿಗೆ ಸಿಗುವ ರಿಯಾಯಿತಿ) ಶೇ. 50 ಎಂದಿದ್ದರೆ ಸತತ ಐದು ವರ್ಷ ಆ ಮಾಲೀಕರು ಸ್ವಂತ ಹಾನಿಯ ಪರಿಹಾರ ಕೇಳಿಲ್ಲ ಎಂದರ್ಥ. ಸೊನ್ನೆ ಎಂದಿದ್ದರೆ ಕಾರಣ ಕೇಳಿ. ಈ ರಿಯಾಯಿತಿ ಮಾಲೀಕರಿಗೆ ಸೇರಿದ್ದೇ ಹೊರತು ಗಾಡಿಗಲ್ಲವಾದ್ದರಿಂದ ನಿಮಗೆ ವರ್ಗವಾಗುವುದಿಲ್ಲ. ಗಾಡಿ ಕೊಂಡ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ನೀರಿನಲ್ಲಿ ಮುಳುಗಿದ ಗಾಡಿಯೇ ಎಂಬ ಸಂಶಯವಿದ್ದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗೆ ಸುತ್ತಿಕೊಂಡಿರುವ ಭಾಗವನ್ನು ಯಾರೂ ತೊಳೆದಿರುವುದಿಲ್ಲ. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ.

ರಾಣೇಬೆನ್ನೂರು ರೈತ:
ಇಷ್ಟೆಲ್ಲ ನೋಡುತ್ತ ಕೂತರೆ ಮೇಷ್ಟ್ರು ಜೀವನದಲ್ಲಿ ಗಾಡಿ ಕೊಳ್ಳುವುದಿಲ್ಲ. ಹದಿಮೂರು ವರ್ಷದ ಗಾಡಿಯಲ್ಲಿ ಒಂದೂ ಕುಂದು ಇರಬಾರದೆಂದರೆ ಹೇಗೆ?

ಹುಬ್ಬಳ್ಳಿ ಡೀಸೆಲ್:
ಕುಂದು ಇರಬಾರದೆಂದು ಯಾರೂ ಹೇಳಿಲ್ಲ. ಕುಂದು ಯಾವುದು, ಅದಕ್ಕೆ ಎಷ್ಟು ಖರ್ಚು ಎಂಬುದು ಕೊಳ್ಳುವ ಮೊದಲು ತಿಳಿದಿರಬೇಕು. ಮುಂದಿನ ಚಕ್ರ ಹಿಡಿದಿರುವ ಲೋಯರ್ ಆರ್ಮ್‌ನ ರಬ್ಬರ್ ಬುಷ್, ಶಾಕ್ ಅಬ್ಸಾರ್ಬರ್, ಸ್ಟೀರಿಂಗ್ ರ‍್ಯಾಕ್ ಸದ್ದು, ಹಿಂದಿನ ಎ.ಸಿ. ತಂಪಾಗದಿರುವುದು, ಇವೆಲ್ಲ ವಯಸ್ಸಿಗೆ ಬರುವ ಕಾಯಿಲೆಗಳು. ಸರಿಪಡಿಸಬಹುದು, ಬೆಲೆಯಲ್ಲಿ ಕಳೆಯಬಹುದು. ಇಂಜಿನ್ ಒತ್ತಡ ಬಿಡುವುದು, ಚಾಸಿ ತುಕ್ಕು, ದೊಡ್ಡ ಅಪಘಾತದ ಬೆಸುಗೆ, ಸುಳ್ಳು ಮೀಟರ್, ಈ ನಾಲ್ಕರಲ್ಲಿ ಒಂದಿದ್ದರೂ ಬೆಲೆ ಎಷ್ಟೇ ಇಳಿಸಿದರೂ ಬೇಡ.

ಮೈಸೂರು ಹಳದಿ ಬೋರ್ಡ್:
ಒಂದು ಮಾತು ಯಾರೂ ಹೇಳುತ್ತಿಲ್ಲ. ಹದಿನಾಲ್ಕು ವರ್ಷ ಎರಡು ಟ್ಯಾಕ್ಸಿಗಳನ್ನು ಮೈಸೂರು, ಊಟಿ, ಕೊಡಗು ಎಂದು ಓಡಿಸಿದವನು ನಾನು. ಟ್ಯಾಕ್ಸಿ ಎಂದ ಕೂಡಲೇ ಜನ ಮೂಗು ಮುರಿಯುತ್ತಾರೆ. ದಿನವೂ ಹೆದ್ದಾರಿಯಲ್ಲಿ ಓಡಿ ಇಂಜಿನ್ ಪೂರ್ತಿ ಬಿಸಿಯಾಗುವ ಗಾಡಿ, ತಿಂಗಳಿಗೆರಡು ಬಾರಿ ಮಾತ್ರ ಪೇಟೆಗೆ ಹೋಗಿ ಬಂದು ಶೆಡ್ಡಿನಲ್ಲಿ ನಿಲ್ಲುವ ಗಾಡಿಗಿಂತ ಗಟ್ಟಿಯಾಗಿರುವುದುಂಟು. ನಮ್ಮ ಅನ್ನ ಅದರಿಂದಲೇ ಬರುವುದರಿಂದ ನಾವು ಆಯಿಲ್ ಬದಲಾಯಿಸುವುದನ್ನು ತಪ್ಪಿಸುತ್ತಿರಲಿಲ್ಲ. ಪರ್ಮಿಟ್ ಹಿಂದಿರುಗಿಸಿ, ತೆರಿಗೆ ಕಟ್ಟಿ, ಬಿಳಿ ಬೋರ್ಡ್‌ಗೆ ಬದಲಾಯಿಸಿಕೊಳ್ಳುವುದು ಕಾನೂನುಬದ್ಧವೇ. ತಪ್ಪಿರುವುದು ಅದನ್ನು ಮುಚ್ಚಿಟ್ಟು ಮನೆಗಾಡಿ ಎಂದು ಹೆಚ್ಚು ಬೆಲೆಗೆ ಮಾರುವುದರಲ್ಲಿ.

ಗುರುತಿಸುವುದು ಹೇಗೆಂದರೆ, ನಂಬರ್ ಪ್ಲೇಟಿನ ಚೌಕಟ್ಟಿನ ಹಿಂದೆ ಮತ್ತು ಬಂಪರ್ ಅಂಚಿನಲ್ಲಿ ಹಳದಿ ಬಣ್ಣದ ಚೂರು ಉಳಿದಿರಬಹುದು. ಬದಿಗಳಲ್ಲಿ ರಿಫ್ಲೆಕ್ಟರ್ ಪಟ್ಟಿ ಕಿತ್ತ ಜಾಗ ಕೈಯಾಡಿಸಿದರೆ ಅಂಟಿದಂತಾಗುತ್ತದೆ. ಟ್ಯಾಕ್ಸಿಗೆ ವೇಗ ನಿಯಂತ್ರಕ ಕಡ್ಡಾಯವಾದ್ದರಿಂದ ಬಾನೆಟ್ ಒಳಗೆ ಅದರ ವೈರ್ ಕತ್ತರಿಸಿ ಟೇಪ್ ಸುತ್ತಿದ ತುದಿ ಸಿಗಬಹುದು. ಛಾವಣಿಯಲ್ಲಿ ಲಗೇಜ್ ಕ್ಯಾರಿಯರ್‌ನ ತೂತು ಮುಚ್ಚಿದ ಗುರುತನ್ನೂ ನೋಡಿ.

ಹುಬ್ಬಳ್ಳಿ ಡೀಸೆಲ್:
ಮೈಸೂರಿನವರು ಹೇಳಿದ್ದು ಇಂಜಿನ್ ಮಟ್ಟಿಗೆ ಸರಿ. ಕ್ಲಚ್, ಹಿಂದಿನ ಆಕ್ಸಲ್‌ನ ಹೌಸಿಂಗ್, ಶಾಫ್ಟಿನ ಜಾಯಿಂಟ್ ಕ್ರಾಸ್, ಬಾಗಿಲ ಹಿಂಜು ಇವಕ್ಕೆ ಅನ್ವಯಿಸುವುದಿಲ್ಲ. ಎಂಟು ಜನರನ್ನೂ ಅವರ ಸಾಮಾನನ್ನೂ ಹೊತ್ತು ಘಾಟಿ ಹತ್ತಿದ ಗಾಡಿಯ ಹಿಂದಿನ ಆಕ್ಸಲ್ 60ರಿಂದ 80 ಕಿ.ಮೀ. ವೇಗದಲ್ಲಿ ಗುಂಯ್ ಎಂದು ಹಾಡುತ್ತದೆ. ಸಂಗೀತ ಆರಿಸಿ, ಕಿಟಕಿ ಏರಿಸಿ ಆ ವೇಗದಲ್ಲಿ ಓಡಿಸಿ ಕೇಳಿ.

ಮೈಸೂರು ಹಳದಿ ಬೋರ್ಡ್:
ಒಪ್ಪಿದೆ.

ಮಂಡ್ಯದ ಓದುಗ:
ಇದೇ ದುಡ್ಡಿಗೆ ಇನ್ನೂ ಹೊಸ ವರ್ಷದ ಮೊಬಿಲಿಯೊ, ಎವಾಲಿಯಾ, ಎಂಜಾಯ್ ಸಿಗುತ್ತವಲ್ಲ, ಅವು ಆಗುವುದಿಲ್ಲವೇ?

ಬೆಂಗಳೂರು ದಕ್ಷಿಣ:
ಮೂರೂ ಮಾರಾಟ ನಿಂತ ಮಾಡೆಲ್‌ಗಳು. ಮೊಬಿಲಿಯೊಗೆ ಅಮೇಜ್, ಸಿಟಿ ಕಾರುಗಳ ಇಂಜಿನ್ ಬಿಡಿಭಾಗಗಳು ಹೊಂದುತ್ತವೆ, ಎವಾಲಿಯಾದ ಇಂಜಿನ್ ಡಸ್ಟರ್‌ನಲ್ಲಿಯೂ ಇತ್ತು. ಆದರೆ ಬಾಗಿಲು, ಗಾಜು, ದೀಪ ಒಡೆದರೆ ಹೊಸನಗರದಲ್ಲಿ ಕುಳಿತು ತರಿಸುವುದು ಸುಲಭವಲ್ಲ. ಎಂಜಾಯ್ ತಯಾರಿಸುತ್ತಿದ್ದ ಷೆವರ್ಲೆಯ ಮಾರಾಟವಂತೂ ಭಾರತದಲ್ಲಿ 2017ರ ಕೊನೆಗೇ ನಿಂತಿತು. ಹಳೆಯ ಗಾಡಿಯ ವಿಶ್ವಾಸಾರ್ಹತೆಯಲ್ಲಿ ಅರ್ಧಪಾಲು ಬಿಡಿಭಾಗ ಸಿಗುವುದರಲ್ಲಿದೆ. ಏಳು ಜನರಿಗಲ್ಲದೆ ಐದು ಜನರಿಗಾಗಿದ್ದರೆ ಎರ್ಟಿಗಾ ಎನ್ನುತ್ತಿದ್ದೆ.

ಹೊಸನಗರದ ಮೇಷ್ಟ್ರು:
ಎಲ್ಲರಿಗೂ ಋಣಿಯಾಗಿದ್ದೇನೆ. ಕಳೆದ ಶನಿವಾರ ಬೆಳಿಗ್ಗೆ ಏಳಕ್ಕೆ ಶಿವಮೊಗ್ಗದಲ್ಲಿದ್ದೆ. ಬಾನೆಟ್ ಬೆಚ್ಚಗಿತ್ತು. ‘ತೊಳೆಯಲು ಹೊರಗೆ ತೆಗೆದಿದ್ದೆವು’ ಎಂದರು. ಮರುದಿನ ಮತ್ತೆ ಹೋದೆ, ಅಂದೂ ಬೆಚ್ಚಗಿತ್ತು. ನಂಬರ್ ಪ್ಲೇಟಿನ ಕೆಳಗೆ ಬೆರಳು ಹಾಕಿ ಕೆರೆದಾಗ ಉಗುರಿನ ತುದಿಗೆ ಹಳದಿ ಹುಡಿ ಅಂಟಿತು. ಕ್ಲಚ್ ಪೆಡಲ್ ರಬ್ಬರ್ ಹೊಚ್ಚಹೊಸದು, ಪಕ್ಕದ ಆಕ್ಸಿಲರೇಟರ್ ಪೆಡಲ್ ಮಾತ್ರ ಸವೆದು ಬೋಳಾಗಿತ್ತು. ನಮ್ಮ ಪರಿಚಯದ ಗ್ಯಾರೇಜಿನ ಲಿಫ್ಟ್ ಮೇಲೆ ಎತ್ತಿಸೋಣ ಎಂದು ಕೇಳಿದ್ದಕ್ಕೆ, ‘ಅಷ್ಟು ಅನುಮಾನವಿದ್ದರೆ ಬೇರೆ ಕಡೆ ನೋಡಿಕೊಳ್ಳಿ’ ಎಂದರು. ಬಂದುಬಿಟ್ಟೆ.

ಈ ವಾರ ತೀರ್ಥಹಳ್ಳಿ ಬಳಿ ಅಡಿಕೆ ಬೆಳೆಗಾರರೊಬ್ಬರ ಗಾಡಿ ನೋಡಿದೆ. 2013ರದು, ಒಬ್ಬರೇ ಮಾಲೀಕರು, ಮೀಟರ್ 2,34,000. ನೋಡಲು ಅಂದವಿಲ್ಲ, ಎಡಬದಿಯಲ್ಲಿ ಬೇಲಿ ತಾಗಿದ ಉದ್ದ ಗೀರು ಇದೆ. ಆದರೆ ಮೊದಲ ಸರ್ವಿಸ್‌ನಿಂದ ಇಲ್ಲಿಯವರೆಗಿನ ಬಿಲ್‌ಗಳನ್ನು ದಾರದಲ್ಲಿ ಪೋಣಿಸಿಟ್ಟಿದ್ದಾರೆ. ಟೈಮಿಂಗ್ ಬೆಲ್ಟ್ ಎರಡು ಬಾರಿ ಬದಲಾಗಿದೆ, ಕೊನೆಯದು 2,02,000ಕ್ಕೆ. ಇಂಜೆಕ್ಟರ್ ವಾಷರ್ ಬದಲಾಯಿಸಿದ ಬಿಲ್ಲೂ ಇದೆ. ತಣ್ಣಗಿದ್ದ ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು, ಆಯಿಲ್ ದೀಪ ನಾನು ‘ಒಂದು’ ಎನ್ನುವಷ್ಟರಲ್ಲಿ ಆರಿತು. ಲಿಫ್ಟ್ ಮೇಲೆ ಎತ್ತಲು ಅವರೇ ಜೊತೆಗೆ ಬಂದರು. ಎರಡೂ ಲೋಯರ್ ಆರ್ಮ್ ಬುಷ್ ಹೋಗಿವೆ, ಸ್ಟೀರಿಂಗ್ ರ‍್ಯಾಕ್‌ನಲ್ಲಿ ಎಣ್ಣೆ ಜಿನುಗುತ್ತಿದೆ, ಚಾಸಿಯಲ್ಲಿ ಮೇಲ್ಪದರದ ತುಕ್ಕು ಮಾತ್ರ ಇದೆ. ರಿಪೇರಿ ಖರ್ಚು ಕಳೆದು 5.7 ಲಕ್ಷಕ್ಕೆ ಮಾತಾಗಿದೆ. ಮೀಟರ್ ಅಂಕಿ ನೋಡಿ ಮನೆಯವರಿಗೆ ಅಳುಕಿದೆ. ಮುಂದುವರಿಯಲೇ?

ಧಾರವಾಡದ ಅಕ್ಕ:
ಖಂಡಿತ ಮುಂದುವರಿಯಿರಿ. ನಿಜವಾದ 2,34,000, ಸುಳ್ಳು 1,46,000ಕ್ಕಿಂತ ಕಡಿಮೆಯೇ ಇದ್ದೀತು.

ಬೆಂಗಳೂರು ದಕ್ಷಿಣ:
ಫಾರಂ 29 ಮತ್ತು 30ಕ್ಕೆ ಅವರ ಸಹಿ ಹಾಕಿಸಿ ವರ್ಗಾವಣೆ ಅರ್ಜಿ ಕೂಡಲೇ ಸಲ್ಲಿಸಿ, ‘ಆಮೇಲೆ ಮಾಡೋಣ’ ಎಂದು ಬಿಡಬೇಡಿ. ಆರ್‌ಸಿಯ 15 ವರ್ಷ 2028ಕ್ಕೆ ಮುಗಿಯುತ್ತದೆ. ಮುಗಿಯುವ ಮುನ್ನ 60 ದಿನದೊಳಗೆ ಫಾರಂ 25ರಲ್ಲಿ ನವೀಕರಣಕ್ಕೆ ಅರ್ಜಿ ಹಾಕಬೇಕು. 2022ರ ಏಪ್ರಿಲ್‌ನಿಂದ ಕಾರುಗಳಿಗೆ ಅದರ ಶುಲ್ಕ 5,000 ರೂಪಾಯಿಯಾಗಿದೆ, ಜೊತೆಗೆ ಹಸಿರು ತೆರಿಗೆಯೂ ಇದೆ. ಆ ಹಣವನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಕುಂದಾಪುರ ಕಡಲತೀರ:
ಮಣಿಪಾಲಕ್ಕೆ ಬಂದು ಹೋದ ಮೇಲೆ ಕೆಳಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ, ಮುಖ್ಯವಾಗಿ ಮಳೆಗಾಲದಲ್ಲಿ.

ಹುಬ್ಬಳ್ಳಿ ಡೀಸೆಲ್:
ತೆಗೆದುಕೊಳ್ಳಿ ಮೇಷ್ಟ್ರೇ. ಬುಷ್ ಹಾಕಿಸಿ, ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲಷ್ಟೇ ಅಪ್ಪನವರನ್ನು ಕೂರಿಸಿಕೊಂಡು ಘಾಟಿ ಇಳಿಯಿರಿ. ಮೊದಲ ಆಯಿಲ್ ಬದಲಾವಣೆಯ ದಿನವೇ ಸಂಪ್ ಬಿಚ್ಚಿಸಿ ಜಾಲರಿ ಸ್ವಚ್ಛವಿದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ. ಬಿಲ್ ಇದ್ದರೂ ನೋಡಿ. ಬೆಲ್ಟ್ ಕೊನೆಯದಾಗಿ 2,02,000ಕ್ಕೆ ಆಗಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ.